ಡೈರಿಯ ಮುಂದೆ ನಡೆಯುವ ಪೋಷಕರ ಸಭೆ: ನಮ್ಮೂರ ಸರ್ಕಾರಿ ಶಾಲೆಯಲ್ಲಿ ಐದು ವರ್ಷ

ಮಂಡ್ಯ ಜಿಲ್ಲೆಯ ನಮ್ಮ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನನ್ನ ಮಗಳು ಸೇರಿ ಇದು ಐದನೆಯ ವರ್ಷ. ಶಾಲೆಯ ಬಗ್ಗೆ ಅಭಿಪ್ರಾಯ ಬರೆಯುವವರು ಸಾಮಾನ್ಯವಾಗಿ ಕಟ್ಟಡ, ಮೈದಾನ, ಶುಲ್ಕ, ಫಲಿತಾಂಶ ಇವುಗಳನ್ನು ತೂಗಿ ನೋಡುತ್ತಾರೆ. ನಾನು ನೋಡಲು ಹೊರಟಿರುವುದು ಬೇರೆ: ಈ ಶಾಲೆ ಮಕ್ಕಳ ಮನೆಯವರನ್ನು ಹೇಗೆ ನಡೆಸಿಕೊಳ್ಳುತ್ತದೆ, ಅದರಿಂದ ಮಗುವಿನ ಓದಿಗೆ ಏನಾದರೂ ಆಗುತ್ತದೆಯೇ ಎಂಬುದು. ಹೊಗಳಿಕೆಯ ಜೊತೆ ಕೆಲವು ದೂರುಗಳೂ ಇರುವುದರಿಂದ ಶಾಲೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುತ್ತಿಲ್ಲ. ಸುತ್ತಮುತ್ತಲಿನವರಿಗೆ ಹೇಗೂ ಗೊತ್ತಾಗುತ್ತದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾವು ಬೆಂಗಳೂರಿನಲ್ಲಿದ್ದೆವು, ಮಗಳು ಎಲ್‌ಕೆಜಿಯಲ್ಲಿದ್ದಳು. ಅಲ್ಲಿನ ಶಾಲೆಯೂ ಪೋಷಕರ ಸಭೆ ಕರೆಯುತ್ತಿತ್ತು. ಶನಿವಾರ ಬೆಳಿಗ್ಗೆ ಹೋಗಿ, ನಮ್ಮ ಸರದಿಯ ಸಂಖ್ಯೆ ಬರುವವರೆಗೆ ಮಕ್ಕಳು ಕೂರುವ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕಾದು, ಒಳಗೆ ಹೋದ ಮೇಲೆ ಹತ್ತು ನಿಮಿಷದಲ್ಲಿ ನಾಲ್ಕು ಮಾತು ಕೇಳಿಸಿಕೊಂಡು ಬರುವುದು. ಆ ನಾಲ್ಕರಲ್ಲಿ ಒಂದು ಮಾತು ಮಾತ್ರ ಪ್ರತಿ ಸಲ ತಪ್ಪದೆ ಇರುತ್ತಿತ್ತು: ‘ಮನೆಯಲ್ಲಿ ಸ್ವಲ್ಪ ಗಮನ ಕೊಡಿ.’ ಯಾವುದಕ್ಕೆ, ಎಷ್ಟು ಹೊತ್ತು, ಏನು ಮಾಡಿ ಗಮನ ಕೊಡಬೇಕು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳ ಮುಂದೆ ತಪ್ಪಿತಸ್ಥರಂತೆ ನಿಂತು, ಹೊರಗೆ ಬಂದು ದೋಸೆ ತಿಂದು, ಮನೆಗೆ ಹೋಗುತ್ತಿದ್ದೆವು. ಆ ಶಿಕ್ಷಕಿಯರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೂ ಅಂದು ಒಂದೇ ಬೆಳಿಗ್ಗೆಯಲ್ಲಿ ನಲವತ್ತು ಮನೆಯವರನ್ನು ಮುಗಿಸಬೇಕಾಗಿತ್ತು. ಸರ್ಕಾರಿ ಶಾಲೆಯಲ್ಲಿ ನಾನು ಕಂಡದ್ದು ಏಕೆ ಹೊಸದೆನಿಸಿತು ಎಂಬುದು ತಿಳಿಯಲೆಂದು ಇಷ್ಟನ್ನು ಹೇಳಿದೆ.

ಊರಿಗೆ ಬಂದ ಕೆಲವೇ ತಿಂಗಳಲ್ಲಿ ವಿದ್ಯಾಗಮ ಶುರುವಾಯಿತು. 2020ರ ಆಗಸ್ಟ್‌ನಿಂದ ಶಿಕ್ಷಕರೇ ಮಕ್ಕಳಿರುವ ಬೀದಿಗಳಿಗೆ ಬಂದು, ದೇವಸ್ಥಾನದ ಜಗುಲಿಯಲ್ಲೋ ಮರದ ನೆರಳಿನಲ್ಲೋ ಸಣ್ಣ ಗುಂಪುಗಳಿಗೆ ಪಾಠ ಹೇಳುತ್ತಿದ್ದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಮತ್ತೆ 2021ರ ಜನವರಿಯಲ್ಲಿ ಆರಂಭವಾಯಿತು. ನಮ್ಮ ಬೀದಿಯ ಗುಂಪು ಅರಳಿಕಟ್ಟೆಯ ಮೇಲೆ ಕೂರುತ್ತಿತ್ತು. ಹುಲ್ಲಿನ ಹೊರೆ ಹೊತ್ತು ಹೋಗುವವರು, ಕೊಡ ಹಿಡಿದು ಬಂದವರು, ಏನೂ ಕೆಲಸವಿಲ್ಲದೆ ಕೂತ ನನ್ನಂಥವರು, ಎಲ್ಲರೂ ಒಂದು ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲ ಬಾರಿಗೆ ಪೂರ್ತಿ ನೋಡಿದೆವು. ಕಾಂಪೌಂಡಿನ ಒಳಗೆ ನಡೆಯುವಾಗ ಯಾರಿಗೂ ಬೇಡವಾಗಿದ್ದ ಪಾಠ ಬೀದಿಗೆ ಬಂದ ಕೂಡಲೇ ಎಲ್ಲರಿಗೂ ಬೇಕಾಯಿತು. ಶಾಲೆಯ ಮುಖ್ಯ ಶಿಕ್ಷಕಿಗೆ ಅದು ಅಂದೇ ತೋಚಿತೋ, ಮೊದಲಿನಿಂದಲೂ ಅವರ ಮನಸ್ಸಿನಲ್ಲಿತ್ತೋ ನಾನು ಕೇಳಿಲ್ಲ. ಶಾಲೆ ಮತ್ತೆ ತೆರೆದ ಮೇಲೆ ಮಾತ್ರ ಅವರು ಆ ದಾರಿಯನ್ನು ಬಿಡಲಿಲ್ಲ.

ಒಂದರಿಂದ ಐದನೆಯ ತರಗತಿಗಳು 2021ರ ಅಕ್ಟೋಬರ್ 25ರಂದು ತೆರೆದವು. ಆ ನವೆಂಬರ್‌ನಲ್ಲಿ ಕರೆದ ಮೊದಲ ಪೋಷಕರ ಸಭೆಗೆ ಹದಿನೈದು ಜನವೂ ಬರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಅಜ್ಜಿಯರು. ಸಭೆ ಇಟ್ಟದ್ದು ಮಧ್ಯಾಹ್ನ ಎರಡೂವರೆಗೆ. ನಮ್ಮ ಊರಿನ ಗಂಡಸರಲ್ಲಿ ಅರ್ಧ ಜನ ಆ ಹೊತ್ತಿಗೆ ಗದ್ದೆಯಲ್ಲೋ ಆಲೆಮನೆಯಲ್ಲೋ ಇರುತ್ತಾರೆ. ತಾಯಂದಿರಲ್ಲಿ ಹಲವರು ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಇಳಿಯುವುದು ಸಂಜೆ ಏಳಕ್ಕೆ. ಬೇರೆ ಯಾವುದೇ ಶಾಲೆಯಾಗಿದ್ದರೂ ‘ಈ ಊರಿನ ಪೋಷಕರಿಗೆ ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲ’ ಎಂದು ಸಹಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ಇಲ್ಲಿಯೂ ಆ ವರ್ಷ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡರು, ನಾನೂ ನೋಡದ ಸಭೆಯೊಂದಕ್ಕೆ ಸಹಿ ಹಾಕಿದ್ದೇನೆ.

ಬದಲಾವಣೆ ಬಂದದ್ದು ಮರುವರ್ಷ. ಊರಿನ ಹೆಚ್ಚಿನ ಮನೆಯವರು ದಿನಕ್ಕೆ ಎರಡು ಸಲ ತಪ್ಪದೆ ಬರುವ ಜಾಗ ಒಂದೇ, ಹಾಲಿನ ಡೈರಿ. ಸಂಜೆ ಐದೂವರೆಗೆ ಕ್ಯಾನು, ಚೊಂಬು, ಬಕೆಟ್ಟು ಹಿಡಿದ ಸಾಲು ಅಲ್ಲಿ ನಿಂತಿರುತ್ತದೆ. ಮುಖ್ಯ ಶಿಕ್ಷಕಿ ಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುವವರು. ಹದಿನೈದು ದಿನಕ್ಕೊಂದು ಗುರುವಾರ ಅವರು ಶಾಲೆ ಬಿಟ್ಟ ಮೇಲೂ ಉಳಿದು, ಮಕ್ಕಳ ನೋಟ್‌ಪುಸ್ತಕಗಳ ಕಟ್ಟನ್ನು ಕಂಕುಳಲ್ಲಿ ಹಿಡಿದು ಡೈರಿಯ ಕಟ್ಟೆಯ ಮೇಲೆ ಕೂತುಕೊಳ್ಳತೊಡಗಿದರು. ಕತ್ತಲಾಗುವ ಹೊತ್ತಿಗೆ ಬರುವ ಕೊನೆಯ ಬಸ್ಸು ಹಿಡಿಯುತ್ತಿದ್ದರು. ಹಾಲು ಅಳೆಸಿ ಚೀಟಿ ಪಡೆದವರು ಅವರ ಮುಂದೆ ಎರಡು ನಿಮಿಷ ನಿಲ್ಲಬೇಕು, ಅಷ್ಟೇ. ಮೊದಲ ಸಲ ನನ್ನನ್ನು ಕರೆದಾಗ ಹಳೆಯ ಅಭ್ಯಾಸದಿಂದ ‘ಹೇಗೆ ಓದುತ್ತಾಳೆ ಮೇಡಂ?’ ಎಂದು ಕೇಳಿದೆ. ಅವರು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ‘ಹೆಂಗ್ ಓದ್ತಾಳೆ ಅಂತ ನನ್ನ ಕೇಳ್ಬೇಡಿ ಅಣ್ಣ. ಇವತ್ತು ಮನೇಲಿ ಈ ಪುಟ ಅವಳ ಬಾಯಲ್ಲಿ ಓದಿಸಿ, ಎಲ್ಲಿ ನಿಲ್ತಾಳೋ ಅಲ್ಲೊಂದು ಗೀಟು ಹಾಕಿ ಕಳ್ಸಿ’ ಎಂದರು.

ಈ ಶಾಲೆಯ ಬಗ್ಗೆ ನನಗೆ ಹೇಳಬೇಕೆನಿಸಿದ್ದರ ತಿರುಳು ಆ ಗೀಟಿನಲ್ಲಿದೆ. ಅಕ್ಷರ ಬಲ್ಲ ಮನೆಯಲ್ಲಿ ಗೀಟು ಹಾಕುತ್ತಾರೆ. ಅಕ್ಷರ ಬಾರದ ಮನೆಯಲ್ಲಿ ಮಗು ಎಷ್ಟು ಸಲ ನಿಂತಿತು ಎಂದು ಹುಣಸೆ ಬೀಜ ಎಣಿಸಿ, ಬೀಜಗಳನ್ನು ಮಗುವಿನ ಜೇಬಿಗೆ ಹಾಕಿ ಕಳಿಸುತ್ತಾರೆ. ಶಾಲೆ ಮನೆಯವರಿಂದ ಕೇಳುವುದು ಪಾಠ ಹೇಳಿಕೊಡುವ ಕೆಲಸವನ್ನಲ್ಲ, ಪಕ್ಕದಲ್ಲಿ ಕೂತು ಕಿವಿಗೊಡುವ ಕೆಲಸವನ್ನು. ಅದನ್ನು ಮಾಡಲಾರೆವು ಎಂದು ಯಾವ ಮನೆಯವರೂ ಹೇಳುವಂತಿಲ್ಲ. ಮರುದಿನ ಶಿಕ್ಷಕಿ ಆ ಗೀಟುಗಳನ್ನು ನೋಡಿಯೇ ನೋಡುತ್ತಾರೆ. ನೋಡುವುದಿಲ್ಲ ಎಂದಾಗಿದ್ದರೆ ಎರಡನೆಯ ವಾರಕ್ಕೆ ನಾವೂ ಬಿಟ್ಟುಬಿಡುತ್ತಿದ್ದೆವು.

ಒಂದರಿಂದ ಮೂರನೆಯ ತರಗತಿಯವರೆಗೆ ಇದಕ್ಕೆ ನಲಿ-ಕಲಿ ಪದ್ಧತಿಯೂ ಒದಗಿ ಬಂತು. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗಳಲ್ಲಿ ಕೂತು, ಚಿತ್ರದ ಗುರುತಿರುವ ಕಾರ್ಡುಗಳನ್ನು ಒಂದೊಂದಾಗಿ ಮುಗಿಸುತ್ತ, ಗೋಡೆಯ ಮೇಲಿನ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಶಿಕ್ಷಕರಿಗೆ ಇದರ ಬಗ್ಗೆ ತಕರಾರುಗಳಿವೆ. ಕಾರ್ಡುಗಳ ರಾಶಿ, ದಾಖಲೆಗಳ ರಾಶಿ, ಒಂದೇ ಕೋಣೆಯಲ್ಲಿ ಮೂರು ತರಗತಿ, ಇವೆಲ್ಲ ಸುಲಭವಲ್ಲ. ಆದರೆ ಮನೆಯವರ ಮಟ್ಟಿಗೆ ನೋಡಿದರೆ ಏಣಿಯಷ್ಟು ಚೆನ್ನಾಗಿ ಅರ್ಥವಾಗುವ ಪ್ರಗತಿ ಪತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಮಗು ಎಲ್ಲಿದೆ, ಮುಂದೆ ಏನಿದೆ ಎಂಬುದು ಓದು ಬಾರದವರಿಗೂ ಕಣ್ಣಿಗೆ ಕಾಣುತ್ತದೆ.

ಇದನ್ನು ನಾನು ಮನಗಂಡದ್ದು ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನ. ಮಕ್ಕಳ ಕಲಿಕೆಯನ್ನು ಊರಿನವರ ಮುಂದಿಡಬೇಕೆಂದು ಇಲಾಖೆ ಬಹಳ ವರ್ಷಗಳಿಂದ ನಡೆಸುತ್ತಿರುವ ಕಾರ್ಯಕ್ರಮ ಇದು. ಹಲವು ಊರುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತಿರಬಹುದು: ಶಾಮಿಯಾನ, ಹಾರ, ಪಂಚಾಯಿತಿ ಸದಸ್ಯರ ಭಾಷಣ, ಇಬ್ಬರು ಹುಡುಗಿಯರ ನೃತ್ಯ, ಕೊನೆಯ ಹತ್ತು ನಿಮಿಷದಲ್ಲಿ ಅಂಕಪಟ್ಟಿಗೆ ಸಹಿ. ನಮ್ಮ ಶಾಲೆಯಲ್ಲಿ ಆ ವರ್ಷ ವೇದಿಕೆಯೇ ಇರಲಿಲ್ಲ. ಜಮಖಾನ ಹಾಸಿ, ಪ್ರತಿ ಮಗುವೂ ತನ್ನ ಮನೆಯಿಂದ ಬಂದವರ ಕೈ ಹಿಡಿದು ಏಣಿಯ ಬಳಿ ಕರೆದೊಯ್ದು, ತನ್ನ ಮೆಟ್ಟಿಲು ತೋರಿಸಿ, ಆ ಮೆಟ್ಟಿಲಿನ ಕಾರ್ಡನ್ನು ಓದಿ ತೋರಿಸಬೇಕೆಂದು ಹೇಳಿದ್ದರು.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಮಗ ಸೊಸೆ ಬೆಂಗಳೂರಿನಲ್ಲಿ, ಎರಡನೆಯ ತರಗತಿಯ ಮೊಮ್ಮಗ ಇವರ ಬಳಿ. ಕಾರ್ಡನ್ನು ತಲೆಕೆಳಗಾಗಿ ಹಿಡಿದಿದ್ದರು. ಹುಡುಗ ಏನೂ ಹೇಳದೆ ಅದನ್ನು ತಿರುಗಿಸಿ ಕೊಟ್ಟು ಓದಿದ. ಕೇಳಿಸಿಕೊಂಡ ಅಜ್ಜಿ, ‘ಇದ್ರಲ್ಲಿ ನನ್ ಹೆಸ್ರು ಐತೇನ್ಲಾ?’ ಎಂದರು. ಕಾರ್ಡಿನಲ್ಲಿ ಇರಲಿಲ್ಲ. ಹುಡುಗ ಎದ್ದು ಹೋಗಿ, ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಬಳಿದಿರುವ ಕಪ್ಪು ಹಲಗೆಯ ಮೇಲೆ ಅಜ್ಜಿಯ ಹೆಸರು ಬರೆದ. ನಮ್ಮ ಕಡೆಯ ಹಿರಿಯ ಹೆಂಗಸರ ಹೆಸರುಗಳಂತೆ ಅದೂ ‘ಮ್ಮ’ ಎಂದು ಮುಗಿಯಬೇಕಿತ್ತು. ಅವನ ಏಣಿಯಲ್ಲಿ ಒತ್ತಕ್ಷರ ಇನ್ನೂ ಬಂದಿರಲಿಲ್ಲವಾದ್ದರಿಂದ ಬರೀ ‘ಮ’ ಎಂದು ನಿಲ್ಲಿಸಿದ. ಅಜ್ಜಿ ಹತ್ತಿರ ಹೋಗಿ ಕೂತು, ಸೀಮೆಸುಣ್ಣದ ಗೆರೆಯ ಮೇಲೆ ಬೆರಳು ತಾಗದಂತೆ ಅದನ್ನು ಬಹಳ ಹೊತ್ತು ನೋಡಿದರು. ಹಿಂದೆ ನಿಂತಿದ್ದ ಶಿಕ್ಷಕಿ ತಿದ್ದಲಿಲ್ಲ. ‘ಇನ್ನು ನಾಕ್ ಕಾರ್ಡ್ ಮುಗೀಲಿ ಅಜ್ಜಿ, ನಿಮ್ ಹೆಸ್ರು ಪೂರ್ತಿ ಆಯ್ತದೆ’ ಎಂದಷ್ಟೇ ಹೇಳಿದರು. ಮುಂದಿನ ಹದಿನೈದು ದಿನ ಆ ಅಜ್ಜಿ ಡೈರಿಯಲ್ಲಿ ಸಿಕ್ಕಾಗಲೆಲ್ಲ ಎಷ್ಟು ಕಾರ್ಡು ಮುಗಿಯಿತು ಎಂದು ಶಿಕ್ಷಕಿಯನ್ನು ಕೇಳುತ್ತಿದ್ದರಂತೆ, ಹಾಲಿನ ರೇಟು ಕೇಳಿದಂತೆ.

ಮೇಲಿನ ತರಗತಿಗಳಲ್ಲಿ ಮನೆಯೇ ಪಾಠಕ್ಕೆ ಬಂದ ಒಂದು ಉದಾಹರಣೆಯನ್ನೂ ಹೇಳಬೇಕು. ದಶಮಾಂಶದ ಪಾಠ ಬಂದಾಗ ಗಣಿತದ ಶಿಕ್ಷಕರು ಮಕ್ಕಳಿಗೆ ಮನೆಯ ಹಾಲಿನ ಚೀಟಿಗಳನ್ನು ತರಲು ಹೇಳಿದರು. ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ, ಎಲ್ಲವೂ ಅದರಲ್ಲಿ ಚುಕ್ಕೆ ಹಾಕಿಯೇ ಬರುತ್ತವೆ. ಬೆಳಿಗ್ಗೆ 6.4 ಲೀಟರ್, ಸಂಜೆ 5.2 ಲೀಟರ್ ಆದರೆ ದಿನಕ್ಕೆ 11.6 ಲೀಟರ್, ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಯಂತೆ ದಿನಕ್ಕೆ 58 ರೂಪಾಯಿ, ಮೂವತ್ತು ದಿನಕ್ಕೆ 1,740 ರೂಪಾಯಿ. ಇದು ನನ್ನ ಮಗಳು ಪಕ್ಕದ ಮನೆಯ ಚೀಟಿ ಇಟ್ಟುಕೊಂಡು ಮಾಡಿದ ಲೆಕ್ಕ, ನಮ್ಮ ಮನೆಯಲ್ಲಿ ಹಸುವಿಲ್ಲ. ಪಕ್ಕದ ಮನೆಯಾತ ಅವಳಿಂದ ಎರಡು ಸಲ ಲೆಕ್ಕ ಒಪ್ಪಿಸಿಕೊಂಡು, ಬ್ಯಾಂಕಿನ ಪಾಸ್‌ಬುಕ್ಕನ್ನೂ ತಂದು ಮುಂದಿಟ್ಟ. ಅಪ್ಪಂದಿರು ಮಕ್ಕಳ ಪುಸ್ತಕವನ್ನು ತಾವಾಗಿಯೇ ತೆರೆಸಿ ನೋಡಿದ್ದನ್ನು ನಾನು ಆ ವಾರವೇ ಮೊದಲು ಕಂಡದ್ದು.

ಇನ್ನು ಸಮಿತಿಯ ವಿಷಯ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ರಚನೆಯಾದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕನೆಯ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಕಾನೂನು ಇಷ್ಟು ಚೆನ್ನಾಗಿದ್ದರೂ ಎಸ್‌ಡಿಎಂಸಿ ಅಧ್ಯಕ್ಷಗಿರಿ ಊರಿನ ರಾಜಕೀಯದ ಮೊದಲ ಮೆಟ್ಟಿಲಾಗಿರುವುದು ಗುಟ್ಟೇನಲ್ಲ. ನಮ್ಮಲ್ಲೂ ಅದು ಪೂರ್ತಿ ಹೋಗಿಲ್ಲ. ಊರಿನವರು ಶಾಲೆಗೆ ಏನಾದರೂ ಕೊಟ್ಟರೆ ಅದು ಫ್ಯಾನೋ ಗೋಡೆ ಗಡಿಯಾರವೋ ಆಗಿರುತ್ತದೆ, ಅದರ ಮೇಲೆ ದಾನಿಯ ಹೆಸರು ಗಡಿಯಾರದ ಅಂಕಿಗಳಿಗಿಂತ ದೊಡ್ಡದಾಗಿರುತ್ತದೆ. ಆದರೂ ಕಳೆದ ಮೂರು ವರ್ಷಗಳಿಂದ ಸಮಿತಿಯ ಸಭೆಗಳಲ್ಲಿ ಬಣ್ಣ, ತಗಡು, ಕಾಂಪೌಂಡು ಇವುಗಳ ಜೊತೆ ಮಕ್ಕಳ ಹಾಜರಾತಿ ಎಂಬ ವಿಷಯವೂ ನಡಾವಳಿ ಪುಸ್ತಕಕ್ಕೆ ಏರಿದೆ. ಬೆಳಿಗ್ಗೆ ಹತ್ತೂವರೆಯೊಳಗೆ ಬಾರದ ಮಗುವಿನ ಮನೆಗೆ ಕರೆ ಹೋಗುತ್ತದೆ. ಎರಡು ದಿನ ಬಾರದಿದ್ದರೆ ಆ ಬೀದಿಯ ಸಮಿತಿ ಸದಸ್ಯೆ ಮನೆಗೆ ಹೋಗುತ್ತಾರೆ. ಶಿಕ್ಷಕರು ಹೋದರೆ ‘ಹೊಟ್ಟೆ ನೋವು’ ಎಂಬ ಉತ್ತರ ಸಿಗುತ್ತದೆ, ಪಕ್ಕದ ಬೀದಿಯ ಹೆಂಗಸು ಹೋದರೆ ನಿಜ ಸಿಗುತ್ತದೆ. ಮರಿ ಕಾಯಲು ಬಿಟ್ಟದ್ದು, ತಂಗಿಯನ್ನು ನೋಡಿಕೊಳ್ಳಲು ಬಿಟ್ಟದ್ದು, ಒಂದು ಮನೆಯಲ್ಲಿ ಅಪ್ಪ ಕುಡಿದು ಬಂದು ರಾತ್ರಿಯೆಲ್ಲ ಮಕ್ಕಳಿಗೆ ನಿದ್ದೆ ಇಲ್ಲದ್ದು, ಇವೆಲ್ಲ ಹೀಗೆಯೇ ತಿಳಿದವು.

ಬಿಸಿಯೂಟದ ರುಚಿ ನೋಡುವ ಸರದಿಯೂ ಈ ಸಮಿತಿಯದೇ ಏರ್ಪಾಡು. ಊಟ ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ಎಲ್ಲ ಕಡೆ ಇರುವ ಕ್ರಮ. ಇಲ್ಲಿ ಅದರ ಜೊತೆಗೆ ದಿನಕ್ಕೊಬ್ಬ ಪೋಷಕರು ಬಂದು ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣುತ್ತಾರೆ. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಶುರುವಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಈಗ ಹಾಲು, ರಾಗಿ ಮಾಲ್ಟು, ಮೊಟ್ಟೆ ಎಲ್ಲವೂ ಸೇರಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿದೆ. ಸಾರು ನೀರಾಗಿದೆ, ಬೇಳೆ ಬೆಂದಿಲ್ಲ ಎಂಬ ಮಾತು ಮೊದಲೆಲ್ಲ ಬೀದಿಯಲ್ಲಿ ಸುತ್ತುತ್ತಿತ್ತು, ಈಗ ಅಡುಗೆಕೋಣೆಯಲ್ಲೇ ಮುಗಿಯುತ್ತದೆ. ಯಾರು ಮಾಡಿದ ಅಡುಗೆ, ಯಾರ ಪಕ್ಕದಲ್ಲಿ ಊಟ ಎಂಬ ಲೆಕ್ಕ ನಮ್ಮ ಕಡೆಯ ಹಳ್ಳಿಗಳಲ್ಲಿ ಇಲ್ಲವೆಂದರೆ ಸುಳ್ಳಾಗುತ್ತದೆ. ಸರದಿಯ ಪಟ್ಟಿಯನ್ನು ಮನೆಯ ಹೆಸರಿನಿಂದಲ್ಲ, ಹಾಜರಿ ಪುಸ್ತಕದ ಕ್ರಮಸಂಖ್ಯೆಯಿಂದ ಮಾಡಿದ್ದಾರೆ. ಇಬ್ಬರು ಮೂವರು ತಮ್ಮ ಸರದಿಯ ದಿನ ಬರುವುದಿಲ್ಲ. ಉಳಿದವರೆಲ್ಲ ಬಂದು, ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಾರೆ.

ಕಬ್ಬಿನ ಕಾಲದಲ್ಲಿ ಬಳ್ಳಾರಿ, ವಿಜಯನಗರದ ಕಡೆಯಿಂದ ಕಬ್ಬು ಕಡಿಯುವವರು ಸಂಸಾರ ಸಮೇತ ಬಂದು ಗದ್ದೆಯ ಬದಿಯಲ್ಲಿ ಟೆಂಟು ಹಾಕುತ್ತಾರೆ. ವರ್ಗಾವಣೆ ಪತ್ರವಿಲ್ಲವೆಂದು ಅಂಥ ಮಕ್ಕಳನ್ನು ಹೊರಗಿಡುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಟೆಂಟಿನವರಿಗೆ ಅದನ್ನು ಹೇಳುವವರು ಯಾರು? ಮುಖ್ಯ ಶಿಕ್ಷಕಿ ಸಮಿತಿಯ ಇಬ್ಬರು ತಾಯಂದಿರೊಡನೆ ಸಂಜೆ ಟೆಂಟುಗಳ ಬಳಿಗೇ ಹೋದರು. ಒಂದು ಚಳಿಗಾಲ ಹಾಗೆ ಬಂದ ಆರು ಮಕ್ಕಳು ನನ್ನ ಮಗಳ ಕೋಣೆಯಲ್ಲಿ ಕೂತಿದ್ದರು. ಮನೆಯಲ್ಲಿ ಲಂಬಾಣಿ ಮಾತಾಡುವ ಆ ಮಕ್ಕಳಿಂದ ಶಿಕ್ಷಕಿ ಪದಗಳನ್ನು ಕೇಳಿ ಚಾರ್ಟು ಮಾಡಿಸಿದರು. ಅಮ್ಮನಿಗೆ ‘ಯಾಡಿ’, ರೊಟ್ಟಿಗೆ ‘ಬಾಟಿ’ ಎಂದು ನನ್ನ ಮಗಳು ಮನೆಯಲ್ಲಿ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದಳು. ಕಬ್ಬು ಮುಗಿದ ಮೇಲೆ ಟೆಂಟು ಎದ್ದವು. ಆ ಆರು ಮಕ್ಕಳು ತಮ್ಮ ಊರಿನ ಶಾಲೆಗೆ ಮರಳಿದರೋ ಇಲ್ಲವೋ ಎಂಬುದನ್ನು ಹಿಂಬಾಲಿಸಿ ತಿಳಿಯುವ ದಾರಿಯನ್ನು ಶಾಲೆ ಮಾಡಿಕೊಂಡಿರಲಿಲ್ಲ. ಅವರ ತಂದೆಯ ಫೋನು ಕೆಲವು ದಿನ ಬಡಿದುಕೊಂಡು, ಆಮೇಲೆ ಬಂದ್ ಆಯಿತು.

ಕೊರತೆಗಳ ಮಾತು ಬಂದಿದ್ದರಿಂದ ಉಳಿದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯ ತರಗತಿ. ನಲಿ-ಕಲಿ ಮೂರಕ್ಕೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಏಣಿ ಹೋಗಿ ಪಠ್ಯಪುಸ್ತಕ, ರೂಪಣಾತ್ಮಕ (ಪಾಠ ನಡೆಯುತ್ತಿರುವಾಗಿನ), ಸಂಕಲನಾತ್ಮಕ (ಅವಧಿಯ ಕೊನೆಯ) ಎಂಬ ಪರೀಕ್ಷೆಗಳು ಮತ್ತು ಎ, ಬಿ ಎಂಬ ಶ್ರೇಣಿಗಳು ಬರುತ್ತವೆ. ಮಗು ಎಲ್ಲಿದೆ ಎಂದು ಗೋಡೆ ನೋಡಿ ತಿಳಿಯುತ್ತಿದ್ದ ಮನೆಯವರಿಗೆ ಈಗ ಒಂದು ಅಕ್ಷರ ಮಾತ್ರ ಸಿಗುತ್ತದೆ. ನನ್ನ ಮಗಳಿಗೆ ಗಣಿತದಲ್ಲಿ ‘ಎ’ ಬಂದಿತ್ತು. ಒಂದು ದಿನ ಅಡುಗೆಮನೆಯ ನೆಲದ ಮೇಲೆ ಅವಳು ಮಾಡುತ್ತಿದ್ದ ಲೆಕ್ಕ ನೋಡಿದೆ: 402ರಲ್ಲಿ 175 ಕಳೆದು 373 ಎಂದು ಬರೆದಿದ್ದಳು. ಮೇಲಿನ ಅಂಕಿ ಚಿಕ್ಕದಿದ್ದಲ್ಲಿ ಪಕ್ಕದಿಂದ ದಶಕ ತರುವ ಬದಲು, ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದಳು. ಉತ್ತರ 227 ಆಗಬೇಕಿತ್ತು. ಈ ತಪ್ಪು ‘ಎ’ ಎಂಬ ಅಕ್ಷರದ ಕೆಳಗೆ ಎಷ್ಟು ತಿಂಗಳು ಅಡಗಿತ್ತೋ! ಹೇಳಿದಾಗ ಶಿಕ್ಷಕರು ಒಪ್ಪಿಕೊಂಡು, ಒಂದು ವಾರ ಕೂರಿಸಿಕೊಂಡು ಸರಿಮಾಡಿದರು. ಆದರೆ ಓದಿಗೆ ಗೀಟು ಹಾಕಿ ಕಳಿಸುವ ಏರ್ಪಾಡು ಇದ್ದಂತೆ ಲೆಕ್ಕಕ್ಕೆ ಅಂಥದ್ದು ಇಲ್ಲವಲ್ಲ ಎಂದು ಕೇಳಿದ್ದಕ್ಕೆ, ಯೋಚಿಸುತ್ತೇವೆ ಎಂದವರು ಇನ್ನೂ ಯೋಚಿಸುತ್ತಲೇ ಇದ್ದಾರೆ.

ಅಪ್ಪಂದಿರ ವಿಷಯ ಎರಡನೆಯದು. ಹಾಲಿನ ಚೀಟಿಯ ವಾರವೊಂದನ್ನು ಬಿಟ್ಟರೆ, ಬರುವವರು ಅಮ್ಮಂದಿರು ಮತ್ತು ಅಜ್ಜಿಯರೇ. ಡೈರಿಗೆ ಬಂದ ಗಂಡಸರೂ ‘ಅವಳಿಗೆ ಹೇಳಿ ಮೇಡಂ’ ಎಂದು ಜಾರಿಕೊಳ್ಳುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗಾಗಿ ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಸಭೆ ಇಡುತ್ತಾರೆ. ಅದು ಶಿಕ್ಷಕರ ರಜೆಯ ದಿನ. ಯಾವ ಆದೇಶವೂ ಇಲ್ಲದೆ, ಯಾವ ಭತ್ಯೆಯೂ ಇಲ್ಲದೆ ನಡೆಯುವಂಥದ್ದು. ಇದನ್ನು ಶಾಲೆಯ ಗುಣವೆನ್ನಬೇಕೋ, ಇಬ್ಬರು ಮೂವರು ಶಿಕ್ಷಕರ ಗುಣವೆನ್ನಬೇಕೋ ನನಗೆ ಅನುಮಾನವಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೆಲ್ಲ ಮನೆಮನೆ ತಿರುಗುವಂತಾಗಿ, ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿದಾಗ, ಡೈರಿಯ ಗುರುವಾರವೂ ಭಾನುವಾರದ ಸಭೆಯೂ ನಿಂತವು. ಆಮೇಲೆ ಮತ್ತೆ ಕುದುರಿಕೊಳ್ಳಲು ಡಿಸೆಂಬರ್ ಆಯಿತು.

ವಾಟ್ಸ್‌ಆಪ್ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಭೋದಯದ ಹೂವುಗಳ ನಡುವೆ ನಾಳೆ ಶಾಲೆಗೆ ರಜೆ ಎಂಬ ಸುದ್ದಿಯನ್ನು ಹುಡುಕುವುದೇ ಒಂದು ಕೆಲಸ. ಇಂಗ್ಲಿಷ್ ಬಗ್ಗೆ ಪೋಷಕರಿಗಿರುವ ಆತಂಕವನ್ನು ಶಾಲೆ ಎದುರಿಗೆ ಕೂತು ಮಾತಾಡಿಲ್ಲ ಎಂಬ ದೂರು ಮಾತ್ರ ಗಂಭೀರವಾದದ್ದು. ಪ್ರತಿ ಜೂನ್‌ನಲ್ಲಿ ನಾಲ್ಕೈದು ಮಕ್ಕಳು ಹಳದಿ ವ್ಯಾನು ಹತ್ತಿ ಪಟ್ಟಣದ ಶಾಲೆಗೆ ಹೋಗುತ್ತಾರೆ. ಅವರ ಮನೆಯವರಲ್ಲಿ ಕೆಲವರು ಡೈರಿಯ ಸಭೆಗೆ ತಪ್ಪದೆ ಬರುತ್ತಿದ್ದವರೇ. ಮಗು ಕನ್ನಡ ಚೆನ್ನಾಗಿ ಓದುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ, ಆದರೂ ಕಳಿಸುತ್ತಾರೆ. ಮನೆಯವರೊಡನೆ ಎಷ್ಟೇ ಒಳ್ಳೆಯ ಒಡನಾಟವಿದ್ದರೂ ಅವರ ದೊಡ್ಡ ಭಯವನ್ನು ಮಾತಿಗೆ ತಾರದಿದ್ದರೆ ಹೀಗಾಗುತ್ತದೆ.

ದೆಹಲಿಯ ಸರ್ಕಾರಿ ಶಾಲೆಗಳು 2016ರಲ್ಲಿ ಒಂದೇ ದಿನ ಎಲ್ಲ ಕಡೆ ದೊಡ್ಡ ಪೋಷಕರ ಸಭೆ ನಡೆಸಿ ಸುದ್ದಿಯಾಗಿದ್ದವು. ಅಂಥ ದಿನಗಳಿಂದ ಉಪಯೋಗವಿಲ್ಲ ಎನ್ನಲಾರೆ. ಶಾಲೆಯ ಗೇಟು ದಾಟಲು ಹಿಂಜರಿಯುವವರಿಗೆ ಅದೊಂದು ನೆಪ. ಆದರೆ ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಹದಿನೈದು ದಿನಕ್ಕೊಮ್ಮೆಯ ಎರಡು ನಿಮಿಷ. ಮಗಳ ಓದಿಗೆ ಅದರಿಂದ ಏನಾಯಿತು ಎಂದು ಕೇಳಿದರೆ, ಎರಡನೆಯ ತರಗತಿಯಲ್ಲಿ ಒಂದು ಪುಟಕ್ಕೆ ಹದಿಮೂರು ಗೀಟು ಬೀಳುತ್ತಿದ್ದದ್ದು ಮೂರನೆಯ ತರಗತಿಯ ಸಂಕ್ರಾಂತಿಯ ಹೊತ್ತಿಗೆ ಒಂದೋ ಎರಡೋ ಆಗಿತ್ತು ಎಂದು ಆ ಪುಸ್ತಕಗಳನ್ನೇ ತೆಗೆದು ತೋರಿಸಬಲ್ಲೆ. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ ವಾರಕ್ಕೊಂದು ಪುಸ್ತಕ ತರುತ್ತಾಳೆ. ಎಲ್ಲ ಮಕ್ಕಳೂ ಹೀಗೆ ಮುಂದೆ ಬಂದಿದ್ದಾರೆಯೇ ಎಂದರೆ, ಇಲ್ಲ. ಮನೆಯಲ್ಲಿ ಕಿವಿಗೊಡಲು ಯಾರೂ ಉಳಿದಿರದ ಮಕ್ಕಳು ಅವಳ ತರಗತಿಯಲ್ಲೇ ಇಬ್ಬರಿದ್ದಾರೆ. ಅವರನ್ನು ದೊಡ್ಡ ತರಗತಿಯ ಹುಡುಗಿಯರ ಪಕ್ಕ ಕೂರಿಸಿ ಓದಿಸುತ್ತಾರೆ, ಅದು ಮನೆಗೆ ಸಮವಾಗಿಲ್ಲ.

ಖರ್ಚಿನ ಮಾತು: ಶುಲ್ಕವಿಲ್ಲ, ಪಠ್ಯಪುಸ್ತಕ, ಸಮವಸ್ತ್ರ, ಶೂ ಶಾಲೆಯಿಂದಲೇ ಬರುತ್ತವೆ, ಎರಡನೆಯ ಜೊತೆ ಸಮವಸ್ತ್ರ ಕೆಲವು ವರ್ಷ ತಡವಾಗುತ್ತದೆ. ನಾನು ಖರ್ಚು ಮಾಡಿದ್ದು ನೋಟ್‌ಪುಸ್ತಕ, ಪೆನ್ಸಿಲ್ಲು ಮತ್ತು ಸರದಿಯ ದಿನದ ಅರ್ಧ ದಿನದ ಕೆಲಸ. ಮಗುವನ್ನು ಬಿಟ್ಟು ಬಂದರೆ ಉಳಿದದ್ದನ್ನೆಲ್ಲ ಶಾಲೆ ನೋಡಿಕೊಳ್ಳಲಿ ಎನ್ನುವವರಿಗೆ ಈ ಶಾಲೆ ಕಿರಿಕಿರಿ ಎನಿಸಬಹುದು, ಕರೆಗಳು ಬರುತ್ತಲೇ ಇರುತ್ತವೆ.

ಒಂದನೆಯ ತರಗತಿಗೆ ಸೇರಿಸಬೇಕೆಂದಿರುವ ಸುತ್ತಲಿನ ಊರುಗಳವರು ಮೇ ಕೊನೆಯ ವಾರದಿಂದ ಜನನ ಪ್ರಮಾಣಪತ್ರ, ಆಧಾರ್ ಹಿಡಿದು ಶಾಲೆಗೆ ಹೋಗಬಹುದು. ಅದಕ್ಕೂ ಮುಂಚೆ ಮುಖ್ಯ ಶಿಕ್ಷಕಿಯ ಜೊತೆ ನಿಧಾನವಾಗಿ ಮಾತಾಡಬೇಕೆಂದಿದ್ದರೆ ಶಾಲೆಯ ಕಚೇರಿಗೆ ಹೋಗಬೇಡಿ, ಅಲ್ಲಿ ಅವರು ಸದಾ ಯಾವುದೋ ನಮೂನೆ ತುಂಬುತ್ತಿರುತ್ತಾರೆ. ಅವರು ಕೂರುವ ಗುರುವಾರ ಯಾವುದೆಂದು ಕೇಳಿಕೊಂಡು ಸಂಜೆ ಐದೂವರೆಗೆ ಡೈರಿಯ ಬಳಿ ಬನ್ನಿ. ಸಾಲಿನಲ್ಲಿ ಹಾಲಿನವರಿಗೆ ಮೊದಲು ಜಾಗ ಬಿಡಿ.